ವಿಶ್ಪಲೆಯ ಕಾಲು ಮತ್ತು ಕುದುರೆಯೇರಿ ಬಂದ ಅವಳಿಗಳು

ಋಗ್ವೇದದ ಮೊದಲ ಮಂಡಲ, 116ನೇ ಸೂಕ್ತ, 15ನೇ ಋಕ್ಕು. ಖೇಲನ ಕಾಳಗದಲ್ಲಿ, ರಾತ್ರಿಯ ಹೊತ್ತು, ಹಕ್ಕಿಯ ರೆಕ್ಕೆ ಕತ್ತರಿಸಿದ ಹಾಗೆ ವಿಶ್ಪಲೆಯ ಕಾಲು ತುಂಡಾಯಿತು. ಅವಳಿ ದೇವವೈದ್ಯರಾದ ಅಶ್ವಿನಿಗಳೇ, ನೀವು ತಕ್ಷಣ ಅವಳಿಗೆ ಲೋಹದ ಕಾಲು ಜೋಡಿಸಿದಿರಿ, ಪಣಕ್ಕಿಟ್ಟ ಸಂಪತ್ತಿನ ಕಡೆಗೆ ಅವಳು ಓಡುವ ಹಾಗೆ ಮಾಡಿದಿರಿ. ಅಷ್ಟೇ. ಮುಂದಿನ ಋಕ್ಕಿಗೆ ಕವಿ ಬೇರೆ ಯಾರದೋ ಕಷ್ಟ ಹೇಳಲು ಹೊರಟುಬಿಡುತ್ತಾನೆ.

ನಾನು ಮೈಸೂರಿನಲ್ಲಿ ಕೃತಕ ಕಾಲು ಮಾಡಿಕೊಡುವ ಕೆಲಸದಲ್ಲಿದ್ದೇನೆ. ಹಾಗಾಗಿ ಈ ಋಕ್ಕು ವಾಟ್ಸಾಪ್‌ನಲ್ಲಿ ನನ್ನನ್ನು ಹುಡುಕಿಕೊಂಡು ಬರುತ್ತಲೇ ಇರುತ್ತದೆ. 'ಜಗತ್ತಿನ ಮೊದಲ ಕೃತಕ ಕಾಲು ನಮ್ಮದು, ನೋಡಿ ಮೇಡಂ' ಅಂತ. ಕಳಿಸುವವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೂ ಈ ಕಸುಬಿನವಳಾಗಿ ಆ ಸಾಲನ್ನು ಓದಿದರೆ ನನಗೆ ಕಾಣುವುದೇ ಬೇರೆ.

ಕಾಲು ತೆಗೆದ ಮೇಲೆ ಮೊದಲು ಗಾಯ ಮಾಯಬೇಕು, ಬಾವು ಇಳಿಯಬೇಕು. ಉಳಿದ ತುದಿಯನ್ನು ನಾವು ಸ್ಟಂಪ್ ಅನ್ನುತ್ತೇವೆ. ಅದಕ್ಕೆ ವಾರಗಟ್ಟಲೆ ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ ಸುತ್ತಿ ಆಕಾರಕ್ಕೆ ತರಬೇಕು. ಆಮೇಲೆ ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು, ಆ ಅಚ್ಚನ್ನು ಉಜ್ಜಿ ತಿದ್ದಿ, ಅದರ ಮೇಲೆ ಸಾಕೆಟ್, ಅಂದರೆ ಸ್ಟಂಪ್ ಕೂರುವ ಬಟ್ಟಲು, ಮಾಡುತ್ತೇವೆ. ಮೊಣಕಾಲ ಕೆಳಗಿನ ಸ್ಟಂಪ್ ಆದರೆ ಮಂಡಿಚಿಪ್ಪಿನ ಕೆಳಗಿರುವ ಗಟ್ಟಿ ಸ್ನಾಯುರಜ್ಜುವಿನ ಪಟ್ಟಿಯ ಮೇಲೆ ಭಾರ ಹೆಚ್ಚು ಬೀಳುವಂತೆ ನೋಡಿಕೊಳ್ಳಬೇಕು. ಮೂಳೆಯ ತುದಿಗೆ ಒತ್ತಿದರೆ ಸಂಜೆಯೊಳಗೆ ಚರ್ಮ ಕಿತ್ತು ಬರುತ್ತದೆ. ಸ್ವಲ್ಪ ದಿನಕ್ಕೆ ಸ್ಟಂಪ್ ಇನ್ನೂ ಸೊರಗಿ ಸಾಕೆಟ್ ಸಡಿಲವಾಗುತ್ತದೆ, ಮತ್ತೆ ಹೊಸದು ಮಾಡಬೇಕು. ಇದೆಲ್ಲ ಆದಮೇಲೆ ಪ್ಯಾರಲಲ್ ಬಾರ್ ಹಿಡಿದು ಮೊದಲ ಹೆಜ್ಜೆ.

ವಿಶ್ಪಲೆಗೆ ಇದ್ಯಾವುದೂ ಇಲ್ಲ. ರಾತ್ರಿ ಕಾಲು ಹೋಯಿತು, ಕೂಡಲೇ ಹೊಸ ಕಾಲು ಬಂತು, ಓಡಿದಳು. ಹಾಗಾಗಿ ಇದನ್ನು ಶಸ್ತ್ರಚಿಕಿತ್ಸೆಯ ದಾಖಲೆ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದರೆ ಕವಿ ಎಲ್ಲಿ ಆಸೆಯಿಟ್ಟಿದ್ದಾನೆ ನೋಡಿ: 'ತಕ್ಷಣ', 'ಓಡುವ ಹಾಗೆ'. ನನ್ನ ಮುಂದೆ ಬಂದು ಕೂತವರು ಕೇಳುವುದೂ ಇವೇ ಎರಡು. ಯಾವಾಗ ಸಿಗುತ್ತೆ? ಓಡಾಡಬಹುದಾ? ಹತ್ತನೇ ಮಂಡಲದಲ್ಲಿ ಘೋಷಾ ಎಂಬ ಋಷಿಕೆ ಇದೇ ಪ್ರಸಂಗ ನೆನೆಯುತ್ತಾಳೆ. ಅವಳು ಓಟದ ಮಾತೆತ್ತುವುದಿಲ್ಲ, 'ನಡೆಯುವಂತೆ ಮಾಡಿದಿರಿ' ಎಂದಷ್ಟೇ ಹೇಳುತ್ತಾಳೆ. ವಯಸ್ಸು ಮೀರುವವರೆಗೂ ಅಪ್ಪನ ಮನೆಯಲ್ಲೇ ಉಳಿದ ಹೆಣ್ಣು ಅವಳು. ಓಟಕ್ಕೂ ನಡಿಗೆಗೂ ಇರುವ ಆ ಅಂತರದಲ್ಲಿ ನನ್ನ ಇಡೀ ಕೆಲಸ ಇದೆ.

ಪಿಯುಸಿಯಲ್ಲಿ ಬಹಳ ಜನ ತೆಗೆದುಕೊಳ್ಳುವ ಹಾಗೆ ಮಾರ್ಕ್ಸಿಗೋಸ್ಕರ ಸಂಸ್ಕೃತ ತೆಗೆದುಕೊಂಡಿದ್ದವಳು ನಾನು. ಅದು ಕೈಹಿಡಿದದ್ದು ಎಷ್ಟೋ ವರ್ಷಗಳ ನಂತರ, ಜಯಚಾಮರಾಜ ಒಡೆಯರ ಕಾಲದಲ್ಲಿ ಮೈಸೂರಿನಿಂದ ಹೊರಬಂದ ಕನ್ನಡ ಅರ್ಥಸಹಿತ ಋಗ್ವೇದ ಸಂಪುಟಗಳನ್ನು ಹಿಡಿದು ಕೂತಾಗ. ಅದರಲ್ಲಿರುವ ಭಾಷ್ಯ ಸಾಯಣರದು. 14ನೇ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿದ್ದು ಬರೆದವರು. ಅವರ ಪ್ರಕಾರ ವಿಶ್ಪಲೆ ಖೇಲರಾಜನ ಬಂಧು, ಯುದ್ಧದಲ್ಲಿ ಕಾಲು ಕಳೆದುಕೊಂಡ ಹೆಂಗಸು. ಪುರೋಹಿತ ಅಗಸ್ತ್ಯರು ಸ್ತುತಿಸಿದಾಗ ಅಶ್ವಿನಿಗಳು ರಾತ್ರಿಯೇ ಬಂದರು. ಆಧುನಿಕ ವಿದ್ವಾಂಸರಲ್ಲಿ ಕೆಲವರು ಅದು ಪಂದ್ಯದ ಹೆಣ್ಣುಕುದುರೆ ಅಂದಿದ್ದಾರೆ. ನಾನು ಸಾಯಣರ ಕಡೆ.

ಈಗ ಆ ಸೂಕ್ತವನ್ನು ಇಡಿಯಾಗಿ ನೋಡಬೇಕು. ಕವಿ ಕಕ್ಷೀವಂತ ಒಬ್ಬೊಬ್ಬರನ್ನೇ ಹೆಸರು ಹಿಡಿದು ಹೇಳುತ್ತ ಹೋಗುತ್ತಾನೆ. ಮುದುಕ ಚ್ಯವಾನನಿಗೆ ಯೌವನ. ಕುದಿಯುವ ಕುಳಿಯಲ್ಲಿದ್ದ ಅತ್ರಿಗೆ ತಂಪು. ತೋಳದ ಬಾಯಿಗೆ ಸಿಕ್ಕ ಲಾವಕ್ಕಿಯ ಬಿಡುಗಡೆ! ಅದೂ ಲೆಕ್ಕಕ್ಕಿದೆ, ಒಂದು ಪುಟ್ಟ ಹಕ್ಕಿ. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಭುಜ್ಯುವಿನ ಕಥೆ. ಸಾಯುವವನು ಆಸ್ತಿ ಬಿಟ್ಟುಹೋಗುವಂತೆ ತುಗ್ರ ತನ್ನ ಮಗ ಭುಜ್ಯುವನ್ನು ನಡುನೀರಿನಲ್ಲಿ ಬಿಟ್ಟ. ಆ ಕಡಲು ಎಂಥದು ಅಂದರೆ ಆಸರೆಯಿಲ್ಲ, ಕಾಲೂರಲು ನೆಲೆಯಿಲ್ಲ, ಹಿಡಿಯಲು ಏನೂ ಇಲ್ಲ. ಅಲ್ಲಿಗೆ ಅಶ್ವಿನಿಗಳು ನೂರು ಹುಟ್ಟಿನ ನಾವೆ ತಂದು ಅವನನ್ನು ಹತ್ತಿಸಿಕೊಂಡರು, ಮೂರು ರಾತ್ರಿ ಮೂರು ಹಗಲು ಸಾಗಿಸಿ ದಡ ಸೇರಿಸಿದರು. ಇನ್ನೊಂದು ಸೂಕ್ತದಲ್ಲಿ ಅಗಸ್ತ್ಯ ಕೇಳುತ್ತಾನೆ: ನಡುಗಡಲಲ್ಲಿ ನಿಂತಿದ್ದ ಆ ಮರ ಯಾವುದು, ತುಗ್ರನ ಮಗ ಅಂಗಲಾಚುತ್ತ ತಬ್ಬಿಕೊಂಡದ್ದು? ಆ ಪ್ರಶ್ನೆಗೆ ಉತ್ತರವಿಲ್ಲ.

ಗ್ರೀಸಿಗೆ ಹೋದರೆ ಅಲ್ಲೂ ಇಬ್ಬರಿದ್ದಾರೆ, ಕ್ಯಾಸ್ಟರ್ ಮತ್ತು ಪಾಲಿಡ್ಯೂಕಸ್. ಆಕಾಶದೇವ ಜ್ಯೂಸ್‌ನ ಮಕ್ಕಳು ಎಂದು ಕರೆಸಿಕೊಳ್ಳುವ ಅವಳಿಗಳು, ಬಿಳಿ ಕುದುರೆಯ ಸವಾರರು. ಬಿರುಗಾಳಿಗೆ ಸಿಕ್ಕ ನಾವಿಕರು ಹಡಗಿನ ತುದಿಗೆ ಹೋಗಿ ಬಿಳಿ ಕುರಿಮರಿಗಳ ಹರಕೆ ಹೊತ್ತು ಇವರನ್ನು ಕೂಗುತ್ತಾರೆ. ಇವರು ಗಾಳಿಯಲ್ಲಿ ಹಾರಿ ಬಂದು ಅಲೆ ಇಳಿಸುತ್ತಾರೆ. ಹೋಮರನ ಹೆಸರಿನಲ್ಲಿರುವ ಒಂದು ಹಳೆಯ ಸ್ತೋತ್ರ ಇದನ್ನು ವರ್ಣಿಸುತ್ತದೆ. ಬೈಬಲ್ಲಿನಲ್ಲಿ ಸಂತ ಪೌಲ ಮಾಲ್ಟಾದಿಂದ ಹೊರಟ ಹಡಗಿನ ಮೇಲೂ ಈ ಅವಳಿಗಳ ಚಿಹ್ನೆ ಇತ್ತು.

ಬಾಲ್ಟಿಕ್ ಕಡಲ ದಡದ ಲಾಟ್ವಿಯಾದಲ್ಲಿ ಇವರು 'ದೇವರ ಮಕ್ಕಳು'. ಅಲ್ಲಿನ ಜನಪದ ಹಾಡುಗಳಿಗೆ ದೈನಾ ಅನ್ನುತ್ತಾರೆ, ನಾಲ್ಕೇ ಸಾಲಿನವು ಬಹಳ. ಕ್ರಿಶ್ಯಾನಿಸ್ ಬರೋನ್ಸ್ ಎಂಬುವರು 1894ರಿಂದ 1915ರವರೆಗೆ ಎರಡು ಲಕ್ಷಕ್ಕೂ ಹೆಚ್ಚು ಹಾಡುಗಳನ್ನು ಅಚ್ಚು ಹಾಕಿಸಿದರು. ಅವುಗಳಲ್ಲೊಂದರಲ್ಲಿ ಸೂರ್ಯನ ಮಗಳು ಕಡಲಲ್ಲಿ ಮುಳುಗುತ್ತಿದ್ದಾಳೆ, ಮುಡಿಯ ಕಿರೀಟ ಮಾತ್ರ ಕಾಣುತ್ತಿದೆ. ದೇವರ ಮಕ್ಕಳೇ, ದೋಣಿ ಹುಟ್ಟುಹಾಕಿ, ಅವಳ ಜೀವ ಉಳಿಸಿ ಅನ್ನುತ್ತದೆ ಹಾಡು. ನಮ್ಮಲ್ಲೂ ಸೂರ್ಯನ ಮಗಳು ಸೂರ್ಯೆ ಅಶ್ವಿನಿಗಳ ರಥ ಏರುತ್ತಾಳೆ, ಅವರನ್ನು ಬಯಸಿ.

ಬರೀ ಹೋಲಿಕೆ ಕಂಡ ಕೂಡಲೇ ನೆಂಟಸ್ತಿಕೆ ಕಟ್ಟಬಾರದು. ಐರ್ಲೆಂಡಿನ ಕಥೆಯಲ್ಲಿ ನುವಾಡ ಎಂಬ ರಾಜ ಯುದ್ಧದಲ್ಲಿ ಕೈ ಕಳೆದುಕೊಂಡಾಗ ವೈದ್ಯ ಡಿಯಾನ್ ಕೆಕ್ಟ್ ಅವನಿಗೆ ಬೆಳ್ಳಿಯ ಕೈ ಮಾಡಿ ಜೋಡಿಸುತ್ತಾನೆ. ವಿಶ್ಪಲೆಯ ಲೋಹದ ಕಾಲಿನ ಪಕ್ಕ ಅದನ್ನಿಟ್ಟು ನೋಡಲು ನನಗೆ ತುಂಬ ಆಸೆ. ಆದರೆ ಕೈಕಾಲು ಕಳೆದುಕೊಳ್ಳುವವರು ಎಲ್ಲ ನಾಡಿನಲ್ಲೂ ಇದ್ದರು, ಲೋಹದ ಕೆಲಸ ಬಲ್ಲವರೂ ಇದ್ದರು. ಅಷ್ಟರಿಂದಲೇ ಎರಡು ಕಥೆಗೆ ಒಂದೇ ಬೇರು ಅನ್ನಲಾಗದು. ಅವಳಿಗಳ ವಿಷಯ ಹಾಗಲ್ಲ. ಇಬ್ಬರು, ಆಕಾಶದ ಮಕ್ಕಳು, ಕುದುರೆ, ಸೂರ್ಯನ ಮಗಳು, ಕಡಲಿನಿಂದ ಪಾರುಮಾಡುವುದು: ಇವೆಲ್ಲ ಗಂಟಿನ ಹಾಗೆ ಒಟ್ಟಿಗೇ ಬರುತ್ತವೆ. ಇನ್ನೊಂದು ವಿವರವಂತೂ ಕಾಕತಾಳೀಯ ಆಗಿರಲಾರದು ಅಂತ ನನ್ನ ನಂಬಿಕೆ. ಕ್ಯಾಸ್ಟರ್ ಸಾಯುವವನು, ಮನುಷ್ಯನ ಮಗ. ಪಾಲಿಡ್ಯೂಕಸ್ ಸಾವಿಲ್ಲದವನು, ಜ್ಯೂಸ್‌ನ ಮಗ. ಋಗ್ವೇದದ 1.181.4 ಅಶ್ವಿನಿಗಳ ಬಗ್ಗೆ ಏನನ್ನುತ್ತದೆ? ನೀವು ಬೇರೆ ಬೇರೆ ಕಡೆ ಹುಟ್ಟಿದವರು, ಒಬ್ಬ ಸುಮಖನ ಮಗ, ಇನ್ನೊಬ್ಬ ದ್ಯುಲೋಕದ ಭಾಗ್ಯಶಾಲಿ ಮಗ. ಅವಳಿಗಳೂ ಹೌದು, ಬೇರೆ ಬೇರೆ ತಂದೆಯ ಮಕ್ಕಳೂ ಹೌದು. ಇಷ್ಟು ವಿಚಿತ್ರವಾದ ಮಾತು ಸಿಂಧೂ ನದಿಯ ಹತ್ತಿರ ಒಮ್ಮೆ, ಗ್ರೀಸಿನಲ್ಲಿ ಇನ್ನೊಮ್ಮೆ ತಾನಾಗಿಯೇ ಹುಟ್ಟಿತು ಅಂದರೆ ನನಗೆ ನಂಬಿಕೆ ಬರುವುದಿಲ್ಲ.

ಮಣ್ಣಿನಡಿಯ ಸಾಕ್ಷಿಯೂ ಇದೆ. 1906ರಲ್ಲಿ ಹ್ಯೂಗೊ ವಿಂಕ್ಲರ್ ಇವತ್ತಿನ ತುರ್ಕಿಯ ನಡುಭಾಗದಲ್ಲಿ ಹಿಟ್ಟೈಟರೆಂಬ ಪ್ರಾಚೀನ ಜನರ ರಾಜಧಾನಿ ಹತ್ತೂಷವನ್ನು ಅಗೆಸಲು ಶುರುಮಾಡಿದರು. ಸಿಕ್ಕ ಜೇಡಿಮಣ್ಣಿನ ಹಲಗೆಗಳಲ್ಲಿ ಕ್ರಿ.ಪೂ. 14ನೇ ಶತಮಾನದ ಒಂದು ಒಪ್ಪಂದವಿತ್ತು. ಹಿಟ್ಟೈಟ್ ದೊರೆ ಸುಪ್ಪಿಲುಲಿಯುಮ ಮತ್ತು ಇವತ್ತಿನ ಸಿರಿಯಾದ ಉತ್ತರಭಾಗದಲ್ಲಿದ್ದ ಮಿತಾನ್ನಿ ರಾಜ್ಯದ ದೊರೆ ಶತ್ತಿವಾಜ ಮಾಡಿಕೊಂಡದ್ದು. ಸಾಕ್ಷಿಗಾಗಿ ಕರೆದ ದೇವತೆಗಳ ಉದ್ದನೆಯ ಪಟ್ಟಿಯಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರು ಇದ್ದಾರೆ. ನಾಸತ್ಯರು ಅಂದರೆ ಅಶ್ವಿನಿಗಳೇ, ಋಗ್ವೇದ ಅವರನ್ನು ಪದೇ ಪದೇ ಕರೆಯುವ ಹೆಸರು. ಅದೇ ಹತ್ತೂಷದಲ್ಲಿ ಮಿತಾನ್ನಿಯ ಕಿಕ್ಕುಲಿ ಎಂಬ ಕುದುರೆ ಪಳಗಿಸುವವನ ಕೈಪಿಡಿಯೂ ಸಿಕ್ಕಿತು. ಕುದುರೆಯನ್ನು ಯಾವ ದಿನ ಎಷ್ಟು ದೂರ ಓಡಿಸಬೇಕು, ಯಾವಾಗ ಮೈತೊಳೆಯಬೇಕು, ಏನು ತಿನ್ನಿಸಬೇಕು ಎಲ್ಲ ಬರೆದಿದ್ದಾನೆ. ಸುತ್ತುಗಳ ಲೆಕ್ಕ ಮಾತ್ರ ಐಕ, ತೇರ, ಪಂಜ, ಸತ್ತ, ನವ. ಓದಿದ ಕೂಡಲೇ ನಮಗೆ ತಿಳಿಯುತ್ತದೆ. ಮಿತಾನ್ನಿಯ ಜನಸಾಮಾನ್ಯರ ಮಾತು ಹುರಿಯನ್, ಅದು ಪೂರಾ ಬೇರೆ. ಕುದುರೆ, ರಥ, ಆಣೆ ಪ್ರಮಾಣ, ರಾಜರ ಹೆಸರು, ಇಷ್ಟರಲ್ಲಿ ಮಾತ್ರ ಸಂಸ್ಕೃತಕ್ಕೆ ಹತ್ತಿರದ ಈ ಹಳೆಯ ನುಡಿ ಉಳಿದಿತ್ತು.

ಕುದುರೆಯ ದಾರಿ ಹಿಡಿದು ಹಿಂದೆ ಹೋದರೆ ಉರಲ್ ಬೆಟ್ಟಗಳ ತೆಂಕಣಕ್ಕೆ ಬರುತ್ತೇವೆ. ಅಲ್ಲಿನ ಸಿಂತಾಷ್ತಾದಲ್ಲಿ ಸುಮಾರು ಕ್ರಿ.ಪೂ. 2000ದ ಗೋರಿಗಳಲ್ಲಿ ಸತ್ತವರ ಜೊತೆ ಕುದುರೆಗಳನ್ನೂ, ಕಡ್ಡಿಗಳಿದ್ದ ಚಕ್ರದ ರಥಗಳನ್ನೂ ಹೂಳಿದ್ದರು. ಇವತ್ತಿನ ಸಾಕುಕುದುರೆಗಳ ಮೂಲ ವೋಲ್ಗಾ ಮತ್ತು ಡಾನ್ ನದಿಗಳ ಹುಲ್ಲುಗಾವಲಿನ ಸೀಮೆ ಎಂದು 2021ರ ಒಂದು ದೊಡ್ಡ ವಂಶವಾಹಿ ಅಧ್ಯಯನ ತೋರಿಸಿತು. ಈ ಅವಳಿಗಳು ಆ ಹುಲ್ಲುಗಾವಲಿನ ಜನರ ಜೊತೆ ಬಂದವರು ಎಂಬುದು ನನಗೆ ಒಪ್ಪಿತ. ಹಾಗಂತ ಋಗ್ವೇದ ಹೊರಗಿನದು ಆಗುವುದಿಲ್ಲ. ಅದರ ನದಿಗಳು ಪಂಜಾಬಿನವು, ಅದು ಹುಟ್ಟಿದ್ದು ಈ ನೆಲದಲ್ಲೇ. ಹುಟ್ಟುವಾಗ ಹಳೆಯ ನೆನಪನ್ನು ಮಡಿಲಲ್ಲಿಟ್ಟುಕೊಂಡೇ ಹುಟ್ಟಿತು.

ಆರ್ಯರು ಹೊರಗಿನಿಂದ ಬಂದವರೋ ಇಲ್ಲಿಯವರೋ ಎಂಬ ವಿಷಯ ಬಂದಾಗಲೆಲ್ಲ ಜನ ಜಗಳಕ್ಕೆ ನಿಲ್ಲುತ್ತಾರೆ. 'ಆರ್ಯ' ಎಂಬ ಮಾತನ್ನು ಹಿಡಿದುಕೊಂಡು ಜರ್ಮನಿಯ ನಾಜಿಗಳು ಮಾಡಿದ್ದನ್ನು ನೆನೆದರೆ ಆ ಅಂಜಿಕೆ ಸಹಜವೇ. ಆದರೆ ಎರಡೂ ಕಡೆಯವರು ಇಂದ್ರನನ್ನೇ ಮುಂದೆ ತರುತ್ತಾರೆ. ವಜ್ರಾಯುಧ, ಕೋಟೆ ಒಡೆದದ್ದು, ವೃತ್ರನನ್ನು ಕೊಂದದ್ದು. ಆ ಪುರಾತನರು ಬರೀ ಯುದ್ಧಕೋರರು ಎಂಬ ಚಿತ್ರ ಹೀಗೆ ಗಟ್ಟಿಯಾಗಿದೆ. ಅದೇ ಜನ ಗ್ರೀಸಿನವರೆಗೆ, ಬಾಲ್ಟಿಕ್‌ವರೆಗೆ, ಸಿಂಧೂವರೆಗೆ ಜೋಪಾನವಾಗಿ ಒಯ್ದದ್ದು ಕೂಗಿದರೆ ಬರುವ ಇಬ್ಬರನ್ನು. ಇದನ್ನು ಯಾರೂ ಹೇಳುವುದಿಲ್ಲವಲ್ಲ ಎಂಬ ಸಂಕಟಕ್ಕೇ ನಾನು ಇಷ್ಟೆಲ್ಲ ಬರೆಯುತ್ತಿರುವುದು.

ಸಂಸ್ಕೃತ, ಗ್ರೀಕ್, ಲಾಟ್ವಿಯನ್ ಎಲ್ಲ ಇರುವ ಇಂಡೋ-ಯುರೋಪಿಯನ್ ಭಾಷಾ ಕುಟುಂಬಕ್ಕೆ ಕನ್ನಡ ಸೇರಿದ್ದಲ್ಲ. ಆದರೂ ಆ ಇಬ್ಬರು ನಮ್ಮ ದಿನದ ಮಾತಿನಲ್ಲಿದ್ದಾರೆ. ಹೋದ ಮಳೆಗಾಲದಲ್ಲಿ ಬೈಕ್ ಆಕ್ಸಿಡೆಂಟಿನಲ್ಲಿ ಕಾಲು ಹೋದ ಹುಡುಗನೊಬ್ಬ ಬಾರ್ ಹಿಡಿದು ನಿಂತು, ಬೆವರು ಸುರಿಸುತ್ತ, "ನನ್ ಕೈಲಾಗಲ್ಲ, ನಾನಿನ್ನು ನಡಿಯಲ್ಲ" ಅಂದ. ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಅವನ ಅಮ್ಮ ಎದ್ದೇ ಬಿಟ್ಟರು. "ಬಿಡ್ತು ಅನ್ನು! ಹಂಗೆಲ್ಲ ಅನ್ಬೇಡ ಮಗ, ಅಶ್ವಿನಿ ದೇವತೆಗಳು ಅಸ್ತು ಅಂದ್ಬಿಡ್ತಾರೆ." ಹುಡುಗ ಸಿಡುಕುತ್ತಲೇ ಬಿಡ್ತು ಅಂದು ಕಾಲು ಎತ್ತಿಟ್ಟ. ಆ ತಾಯಿ ವೇದ ಓದಿದವರಲ್ಲ, ಓದುವ ಅಗತ್ಯವೂ ಇರಲಿಲ್ಲ. ವೇದದ ಅವಳಿಗಳು ಕರೆಗೆ ಓಡಿಬರುವವರು. ನಮ್ಮ ಮನೆಗಳಲ್ಲಿ ಅವರು ಸದಾ ತಲೆಯ ಮೇಲೇ ಸುಳಿದಾಡುತ್ತ ನಾವಾಡಿದ್ದಕ್ಕೆಲ್ಲ ಹೂಂ ಅನ್ನುವವರಾಗಿದ್ದಾರೆ. ಈ ಬದಲಾವಣೆ ಯಾವಾಗ, ಹೇಗೆ ಆಯಿತೋ, ಬಲ್ಲವರು ಬರೆದರೆ ಓದಲು ನಾನು ಮೊದಲಿಗಳು.

ಒಂದು ವಿಷಯ ಮಾತ್ರ ನನಗೆ ನುಂಗಲಾಗದ್ದು. ತೈತ್ತಿರೀಯ ಸಂಹಿತೆಯ ಆರನೇ ಕಾಂಡದಲ್ಲಿ ದೇವತೆಗಳು ಇದೇ ಅಶ್ವಿನಿಗಳನ್ನು ಅಪವಿತ್ರರು ಅನ್ನುತ್ತಾರೆ. ಕಾರಣ? ಇವರು ಮನುಷ್ಯರ ನಡುವೆ ಓಡಾಡುವ ವೈದ್ಯರು. ಅದಕ್ಕೇ ಬ್ರಾಹ್ಮಣ ವೈದ್ಯ ಮಾಡಬಾರದು, ವೈದ್ಯ ಅಶುದ್ಧ, ಯಜ್ಞಕ್ಕೆ ಯೋಗ್ಯನಲ್ಲ ಎಂದು ವಿಧಿಯನ್ನೂ ಹೇಳಿಬಿಡುತ್ತದೆ. ಕೀವು, ರಕ್ತ, ಹೊಲಸು ಮುಟ್ಟಿ ಕೆಲಸ ಮಾಡುವವರನ್ನು ದೂರ ಕೂರಿಸುವ ಬುದ್ಧಿ ಅಷ್ಟು ಹಳೆಯದು. ಓದಿದ ದಿನ ಸಿಟ್ಟು ಬಂದು ಪುಸ್ತಕ ಮುಚ್ಚಿಟ್ಟಿದ್ದೆ. ಆದರೆ ಅದೇ ಭಾಗದಲ್ಲಿ ಯಜ್ಞದ ತಲೆಯೇ ತುಂಡಾದಾಗ ದೇವತೆಗಳು ಬಂದು ನಿಲ್ಲುವುದೂ ಇವರ ಮುಂದೆಯೇ. ನೀವು ವೈದ್ಯರು, ಈ ತಲೆ ಮತ್ತೆ ಕೂರಿಸಿಕೊಡಿ ಅನ್ನುತ್ತಾರೆ. ಅಶ್ವಿನಿಗಳು ಸುಮ್ಮನೆ ಒಪ್ಪಲಿಲ್ಲ. ನಮಗೂ ಇಲ್ಲಿ ಒಂದು ಪಾಲು ಬೇಕು ಅಂದರು. ಕೊಟ್ಟರು. ಸೋಮಯಾಗದಲ್ಲಿ ಆಶ್ವಿನ ಗ್ರಹ ಎಂದು ಒಂದು ಪಾತ್ರೆ ಸೋಮರಸ ಎತ್ತಿಡುವುದು ಅದಕ್ಕೇ.