ಗಾಡಿ ಎಳೀತಿಲ್ಲ ಅಂದ್ರೆ ಸೈಲೆನ್ಸರ್ ಕಡೆನೂ ನೋಡಿ

ನಮ್ಮದು 2006ರ ಪೆಟ್ರೋಲ್ ಕಾರು. ಹೋದ ಮಳೆಗಾಲ ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ಕೈಕೊಟ್ಟಿತು. ಹಾಗಂತ ನಿಂತುಬಿಡಲಿಲ್ಲ. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ನೆಲಕ್ಕೆ ಒತ್ತಿದರೂ ಸುಮ್ನೆ ಗುಂಯ್ ಅನ್ನುತ್ತಿತ್ತು ಅಷ್ಟೇ. ಹಿಂದಿದ್ದ ಬಸ್ಸಿನವನು ಹಾರ್ನ್ ಹೊಡೆದೂ ಹೊಡೆದೂ ಕೊಟ್ಟಿಗೆಹಾರದ ಹತ್ತಿರ ದುರುಗುಟ್ಟಿ ನೋಡಿಕೊಂಡು ಮುಂದೆ ಹೋದ. ಸ್ಟಾರ್ಟಿಂಗ್ ಚೆನ್ನಾಗಿದೆ, ಐಡ್ಲಿಂಗ್ ಚೆನ್ನಾಗಿದೆ, ಆದರೆ 60 ದಾಟಲ್ಲ.

ಬೆಂಗಳೂರಿಗೆ ಬಂದು ಗ್ಯಾರೇಜಿಗೆ ಬಿಟ್ಟೆ. ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್, ಪ್ಲಗ್ಗು, ಕೊನೆಗೆ "ಪಂಪ್ ವೀಕ್ ಆಗಿದೆ ಸಾರ್" ಅಂತ ಪಂಪೂ ಬದಲಾಯಿತು. ಗಾಡಿ ಮಾತ್ರ ಹಾಗೇ ಇತ್ತು. ಒಳಗೆ ಹೋಗೋದನ್ನೆಲ್ಲ ನೋಡಿದರು, ಸುಟ್ಟ ಗಾಳಿ ಹೊರಗೆ ಬರ್ತಿದೆಯಾ ಅಂತ ಯಾರೂ ನೋಡಲಿಲ್ಲ. ಹೊಗೆ ಬಂದಿದ್ದರೆ ನೋಡುತ್ತಿದ್ದರೇನೋ. ಕಪ್ಪು ಹೊಗೆ ಅಂದ್ರೆ ಪೆಟ್ರೋಲ್ ಜಾಸ್ತಿ, ನೀಲಿ ಅಂದ್ರೆ ಆಯಿಲ್ ಸುಡುತ್ತಿದೆ, ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು. ನಮ್ಮದರಲ್ಲಿ ಯಾವುದೂ ಇರಲಿಲ್ಲ.

ಎರಡನೇ ಮೆಕ್ಯಾನಿಕ್ ಸ್ವಲ್ಪ ವಯಸ್ಸಾದವರು. ಲ್ಯಾಪ್‌ಟಾಪ್ ತೆಗೆಯಲೇ ಇಲ್ಲ. ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಗೆ, ಅಂದ್ರೆ ಇನ್‌ಟೇಕ್ ಮ್ಯಾನಿಫೋಲ್ಡಿಗೆ, ಒಂದು ವ್ಯಾಕ್ಯೂಮ್ ಗೇಜ್ ಸಿಕ್ಕಿಸಿದರು. ಎಂಜಿನ್ ಎಷ್ಟು ಜೋರಾಗಿ ಹೀರುತ್ತಿದೆ ಅಂತ ಅದು ಪಾದರಸದ ಇಂಚಿನಲ್ಲಿ ತೋರಿಸುತ್ತದೆ. ಐಡ್ಲಿಂಗಿನಲ್ಲಿ ಮುಳ್ಳು 17 ಇಂಚಿನ ಹತ್ತಿರ ನಿಂತಿತು. ಸಮುದ್ರ ಮಟ್ಟದಲ್ಲಾದರೆ 18ರಿಂದ 21 ಇರಬೇಕು. ಸಾವಿರ ಅಡಿ ಮೇಲೆ ಹೋದ ಹಾಗೆ ಒಂದೊಂದು ಇಂಚು ಇಳಿಯುತ್ತದೆ, ಬೆಂಗಳೂರು 3000 ಅಡಿ ಎತ್ತರದಲ್ಲಿದೆ, ಹಾಗಾಗಿ 17 ಸರಿಯೇ. ಆಮೇಲೆ 2500 ಆರ್‌ಪಿಎಂನಲ್ಲಿ ಹಿಡಿದು ನಿಲ್ಲಿಸಿದರು. ಮುಳ್ಳು ನಿಧಾನಕ್ಕೆ ಜಾರಿತು. 15, 12, 9. "ಹೊಗೆ ದಾರಿ ಕಟ್ಟಿದೆ" ಅಂದರು. ಸುಟ್ಟ ಗಾಳಿ ಹೊರಗೆ ಹೋಗದಿದ್ದರೆ ಎಂಜಿನ್ ಹೊಸ ಗಾಳಿ ಹೀರೋಕೆ ಆಗಲ್ಲ.

ಖಾತ್ರಿ ಮಾಡಿಕೊಳ್ಳೋಕೆ ಎಂಜಿನ್ ತಣ್ಣಗಾದ ಮೇಲೆ ಹೊಗೆ ಪೈಪಿನಲ್ಲಿ ಎಂಜಿನ್ ಕಡೆ ಇರುವ ಆಕ್ಸಿಜನ್ ಸೆನ್ಸರ್ ಬಿಚ್ಚಿ, ಆ ತೂತಿನಲ್ಲೇ ಗಾಳಿ ಹೋಗಲಿ ಅಂತ ಒಂದು ರೌಂಡ್ ಓಡಿಸಿದೆವು. ಟ್ರ್ಯಾಕ್ಟರ್ ಥರ ಸದ್ದು, ಆದರೆ ಎಳೀತು ನೋಡಿ!

ಸೈಲೆನ್ಸರ್ ಪೈಪಿನಲ್ಲಿ ಹೊಗೆಯ ವಿಷ ಕಡಿಮೆ ಮಾಡೋಕೆ ಒಂದು ಡಬ್ಬ ಇರುತ್ತದೆ, ಕೆಟಲಿಟಿಕ್ ಕನ್ವರ್ಟರ್ ಅಂತ. ಅದನ್ನು ಬಿಚ್ಚಿ ಅಲ್ಲಾಡಿಸಿದರೆ ಗಲಗಲ ಅಂತು. ಒಳಗಿನ ಜೇನುಗೂಡು ಒಂದು ಕಡೆ ಬೆಲ್ಲದ ಹಾಗೆ ಕರಗಿ ಮುಚ್ಚಿಹೋಗಿತ್ತು. ತಪ್ಪು ನನ್ನದೇ. ತಿಂಗಳುಗಟ್ಟಲೆ ಮಿಸ್ಸಿಂಗ್ ಹೊಡೀತಿತ್ತು, ಮಳೆ ನೀರು ಅಂತ ಬಿಟ್ಟಿದ್ದೆ. ಒಂದು ಪ್ಲಗ್ ವೈರ್ ಸೀಳಿತ್ತು, ಕಿಡಿ ಸರಿಯಾಗಿ ಹಾರುತ್ತಿರಲಿಲ್ಲ. ಎಂಜಿನ್ನಿನಲ್ಲಿ ಸುಡದೆ ಉಳಿದ ಪೆಟ್ರೋಲ್ ಕನ್ವರ್ಟರ್ ಒಳಗೆ ಹೋಗಿ ಸುಟ್ಟಿದೆ. ವೈರ್ ಬದಲಿಸದೆ ಹೊಸ ಕನ್ವರ್ಟರ್ ಹಾಕಿದ್ದರೆ ಅದೂ ಹೀಗೇ ಆಗುತ್ತಿತ್ತು.

ಒಳಗಿನದ್ದನ್ನು ಒಡೆದು ಖಾಲಿ ಡಬ್ಬ ವೆಲ್ಡ್ ಮಾಡಿಸಿ ಅಂತ ಪಕ್ಕದ ಅಂಗಡಿಯವರು ಹೇಳಿದರು. ದುಡ್ಡು ಉಳಿಯುತ್ತದೆ ನಿಜ. ಆದರೆ ಎಮಿಷನ್ ಟೆಸ್ಟಿನಲ್ಲಿ ಏನು ಮಾಡೋದು? ಹೊಸದನ್ನೇ ಹಾಕಿಸಿದೆ, ಜೇಬು ಖಾಲಿ. ಹಳೇದನ್ನು ಮಾತ್ರ ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಒಳಗೆ ಪ್ಲಾಟಿನಂ, ಪಲ್ಲಾಡಿಯಂ ಇರುತ್ತದೆ, ಗುಜರಿಯಲ್ಲಿ ಅದಕ್ಕೆ ಬೆಲೆ ಇದೆ.