ಎರಡು ನಡುಗಡ್ಡೆ, ಮೂರು ಫೆರಿ: ದಿವಾರ್–ಚೊರಾಂವ್ ಸೈಕಲ್ ಸುತ್ತು

ಹಳೆ ಗೋವಾದಲ್ಲಿ ವೈಸರಾಯ್ ಕಮಾನು ದಾಟಿ ನಾಲ್ಕು ಪೆಡಲ್ ತುಳಿದರೆ ಮಾಂಡವಿ ನದಿ. ಆಚೆ ದಡದ ಹಸಿರು ಗುಡ್ಡವೇ ದಿವಾರ್, ಕೊಂಕಣಿಯವರ ದಿವಾಡಿ. ಅದರ ವಾಯವ್ಯಕ್ಕೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಚೊರಾಂವ್, ಅಂದರೆ ಚೋಡಣ. ಹಳೆ ಗೋವಾದಿಂದ ದಿವಾರ್, ಅಲ್ಲಿಂದ ನಾರ್ವೆ, ಮಯೆಂ ಮೇಲೆ ಹಾಯ್ದು ಚೊರಾಂವ್, ಕೊನೆಗೆ ರಾಯಬಂದರ್: ಅಡ್ಡದಾರಿಗಳನ್ನೂ ಸೇರಿಸಿದರೆ ಸುಮಾರು 40 ಕಿ.ಮೀ. ದೂರ ಕಡಿಮೆ, ಏರೂ ಕಡಿಮೆ. ಆದರೂ ಬೆಳಗಾವಿ, ಹುಬ್ಬಳ್ಳಿಯಿಂದ ಶನಿವಾರ ಬಂದು ಭಾನುವಾರ ಮರಳುವವರ ಲೆಕ್ಕ ಇಲ್ಲಿ ಸುಲಭವಾಗಿ ತಪ್ಪುತ್ತದೆ. ನೀರು ಯಾವ ಹೊತ್ತಿಗೆ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ನೋಡದೆ ಹೊರಟಿರುತ್ತಾರೆ.

ಹಾಗಾಗಿ ರೂಮ್ ಬುಕ್ ಮಾಡುವ ಮೊದಲು ಮುರಗಾಂವ್ ಬಂದರಿನ ಉಬ್ಬರ–ಇಳಿತದ ಕೋಷ್ಟಕ ತೆಗೆಯಿರಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಬೆಳಿಗ್ಗೆ 7ರ ಆಸುಪಾಸು ಇಳಿತ ಇರುವ ದಿನ ಆರಿಸಿದರೆ ಮುಕ್ಕಾಲು ಕೆಲಸ ಮುಗಿದಂತೆ. ಬೆಳಗಿನ ಇಳಿತದಲ್ಲಿ ದಿವಾರ್‌ನ ಗದ್ದೆಯಂಚಿನ ಮಣ್ಣಿನ ಏರಿಗಳ ಮೇಲೆ ಓಡಿಸಬಹುದು, ನಡುಮಧ್ಯಾಹ್ನದ ಉಬ್ಬರ ರಸ್ತೆಯ ಮೇಲೆ ಕಳೆಯುತ್ತದೆ, ಸಂಜೆ ನೀರು ಮತ್ತೆ ಇಳಿಯುವ ಹೊತ್ತಿಗೆ ಚೊರಾಂವ್‌ನ ಕೆಸರಿನಲ್ಲಿ ಹಕ್ಕಿಗಳಿರುತ್ತವೆ. ಕೋಷ್ಟಕದ ಹೊತ್ತು ಬಂದರಿನದು, ನದಿಯೊಳಗೆ ನೀರು ತುಸು ತಡವಾಗಿ ತಲುಪುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಉಬ್ಬರ ದೊಡ್ಡದು, ಅಷ್ಟಮಿಯ ಹೊತ್ತಿಗೆ ಸಣ್ಣದು.

ತಿಂಗಳು ನವೆಂಬರ್‌ನಿಂದ ಫೆಬ್ರವರಿ. ಅಕ್ಟೋಬರ್‌ನಲ್ಲಿ ಮಣ್ಣು ಇನ್ನೂ ಒಣಗಿರುವುದಿಲ್ಲ, ಮಾರ್ಚ್ ದಾಟಿದರೆ ಸೆಕೆಯೇ ಸುಸ್ತು ಮಾಡುತ್ತದೆ. ಆಗಸ್ಟ್‌ನ ನಾಲ್ಕನೇ ಶನಿವಾರ ದಿವಾರ್‌ನಲ್ಲಿ ಬೊಂಡೆರಾಂ ಹಬ್ಬ. ನೋಡಬೇಕಾದ ಹಬ್ಬವೇ, ಆದರೆ ಆ ದಿನ ಸೈಕಲ್ ತರಬೇಡಿ, ಫೆರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಮುಂಬೈ ಕನ್ನಡಿಗರಿಗೆ ಕೊಂಕಣ ರೈಲಿನ ಕರ್ಮಳಿ ಸ್ಟೇಷನ್ ಅನುಕೂಲ, ಹಳೆ ಗೋವಾಕ್ಕೆ ಅಲ್ಲಿಂದ ಕೆಲವೇ ಕಿಲೋಮೀಟರ್. ಆದರೆ ಕರ್ಮಳಿಯಲ್ಲಿ ರೈಲು ನಿಲ್ಲುವುದು ಸ್ವಲ್ಪ ಹೊತ್ತು. ಸೈಕಲ್ಲನ್ನು ಲಗೇಜ್ ಡಬ್ಬಿಗೆ ಹಾಕಿದ್ದರೆ ಮಡಗಾಂವ್‌ನಲ್ಲಿ ಇಳಿಸಿಕೊಳ್ಳುವುದೇ ಕ್ಷೇಮ. ಎರಡೂ ಚಕ್ರ ಬಿಚ್ಚಿ, ಡಿಸ್ಕ್ ಬ್ರೇಕಿನ ಪ್ಯಾಡ್‌ಗಳ ನಡುವೆ ದಪ್ಪ ರಟ್ಟು ತೂರಿಸಿ, ಗೇರು ಬದಲಿಸುವ ಹಿಂದಿನ ಡಿರೇಲರ್ ಬಿಚ್ಚಿ ಫ್ರೇಮಿನ ಒಳಗೆ ಕಟ್ಟಿ ತರಬೇಕು. ರಟ್ಟು ಇಲ್ಲದೆ ಯಾರಾದರೂ ಬ್ರೇಕ್ ಹಿಡಿ ಒತ್ತಿದರೆ ಪಿಸ್ಟನ್ ಹೊರಗೆ ಬಂದು ಪ್ಯಾಡ್ ಕಚ್ಚಿಕೊಳ್ಳುತ್ತದೆ, ಮತ್ತೆ ಡಿಸ್ಕ್ ಒಳಗೆ ಹೋಗುವುದಿಲ್ಲ. ಡಿರೇಲರ್ ಹಾಗೇ ಬಿಟ್ಟರೆ ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಬಾಗುತ್ತದೆ. ನಿಮ್ಮ ಫ್ರೇಮಿನದೇ ಹ್ಯಾಂಗರ್ ಒಂದು ಜೇಬಿನಲ್ಲಿರಲಿ, ಬೇರೆ ಫ್ರೇಮಿನದು ಕೂರುವುದಿಲ್ಲ.

ಇಲ್ಲಿಗೆ ಫುಲ್ ಸಸ್ಪೆನ್ಷನ್ ಬೇಡ. ಮುಂದೆ ಮಾತ್ರ ಸಸ್ಪೆನ್ಷನ್, 100–120 ಮಿ.ಮೀ. ಫೋರ್ಕ್ ಇರುವ ಹಾರ್ಡ್‌ಟೇಲ್, 2.2 ಇಂಚಿನ ಟೈರು ಸಾಕು. 70 ಕೆ.ಜಿ. ತೂಕದವರು ಟ್ಯೂಬ್ ಟೈರಿಗೆ ಮುಂದೆ 28, ಹಿಂದೆ 32 ಪಿಎಸ್‌ಐ ಗಾಳಿಯ ಒತ್ತಡ ಇಟ್ಟು ಶುರು ಮಾಡಬಹುದು. ಟ್ಯೂಬ್‌ಲೆಸ್ ಆದರೆ 22–25. ಇದಕ್ಕಿಂತ ಗಟ್ಟಿ ಗಾಳಿ ಹಾಕಿದರೆ ಚಿರೇಕಲ್ಲಿನ ಹರಳಿನ ಮೇಲೆ ಟೈರು ಕಡಲೆಕಾಳಿನ ಮೇಲೆ ಓಡಿದಂತೆ ಜಾರುತ್ತದೆ. ಟ್ಯೂಬ್‌ಲೆಸ್ ಇದ್ದವರು ಚಕ್ರಕ್ಕೆ 100 ಮಿ.ಲೀ. ಸೀಲಂಟ್ (ಪಂಕ್ಚರ್ ಮುಚ್ಚುವ ದ್ರವ) ಹೊಸದಾಗಿ ಹಾಕಿಕೊಂಡು ಬನ್ನಿ, ಕರಾವಳಿಯ ಸೆಕೆಗೆ ಎರಡು–ಮೂರು ತಿಂಗಳಲ್ಲಿ ಅದು ಒಣಗಿ ಹಾಳೆಯಾಗಿರುತ್ತದೆ. ಊರಿನ ಸೈಕಲ್ ಅಂಗಡಿಯಲ್ಲಿ 29 ಇಂಚಿನ ಟ್ಯೂಬ್ ಸಿಗುತ್ತದೆಂದು ನಂಬಬೇಡಿ. ತಲೆಗೊಂದು ಟ್ಯೂಬ್, ತುಂಡಾದ ಚೈನ್ ಜೋಡಿಸಲು ಒಂದು ಕ್ವಿಕ್ ಲಿಂಕ್, ಪ್ಯಾಚ್, ಪಂಪ್ ಜೊತೆಗಿರಲಿ. ನೀರು ಒಬ್ಬೊಬ್ಬರಿಗೆ ಎರಡೂವರೆ ಲೀಟರ್.

ಫೆರಿ ಅಂದರೆ ಚಪ್ಪಟೆ ತಳದ, ಮುಂದೆ ಇಳಿಸುವ ಕಬ್ಬಿಣದ ಹಲಗೆ ಇರುವ ದೋಣಿ. ಇಳಿತದ ಹೊತ್ತಿಗೆ ಹಲಗೆ ತಾಗುವ ಜೆಟ್ಟಿಯ ಇಳಿಜಾರು ಪಾಚಿಗಟ್ಟಿರುತ್ತದೆ. ಸೈಕಲ್ ಏರಿ ಇಳಿಯುವ ಉಮೇದು ಬೇಡ, ತಳ್ಳಿಕೊಂಡು ಹೋಗಿ. ಪಕ್ಕದ ಕಟಾಂಜನಕ್ಕೆ ಒರಗಿಸಿ, ಮುಂದಿನ ಬ್ರೇಕಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿದರೆ ಉರುಳುವುದಿಲ್ಲ. ಕೊನೆಯ ಫೆರಿಯ ಹೊತ್ತನ್ನು ಹತ್ತುವಾಗಲೇ ಸಿಬ್ಬಂದಿಯನ್ನು ಕೇಳಿಟ್ಟುಕೊಳ್ಳಿ.

ದಿವಾರ್‌ನಲ್ಲಿ ಇಳಿದ ಕೂಡಲೇ ರಸ್ತೆಯ ಎರಡೂ ಬದಿ ತಗ್ಗು ಗದ್ದೆ. ಅಂಕೋಲಾ, ಕುಮಟಾ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಉಬ್ಬರದ ಉಪ್ಪುನೀರಿಗೆ ಏರಿ ಕಟ್ಟಿ ಮಾಡಿದ ನಮ್ಮ ಗಜನಿ ಗದ್ದೆಯೇ ಇಲ್ಲಿ ಖಾಜನ್. ಅಘನಾಶಿನಿ ದಡದಲ್ಲಿ ಕಗ್ಗ ಭತ್ತ ಇದ್ದಂತೆ ಇಲ್ಲಿ ಉಪ್ಪು ತಡೆಯುವ ಕೊರ್ಗುಟ್. ಗದ್ದೆಯನ್ನೂ ನದಿಯನ್ನೂ ಬೇರೆ ಮಾಡುವುದು ಮಣ್ಣಿನ ಏರಿ. ಅಲ್ಲಲ್ಲಿ ತೂಬು, ಅದಕ್ಕೆ ಮಾನಸ್ ಅನ್ನುತ್ತಾರೆ. ಹತ್ತು ನಿಮಿಷ ಸೈಕಲ್ ನಿಲ್ಲಿಸಿ ಒಂದು ಮಾನಸ್ ನೋಡಿ. ಚಿರೇಕಲ್ಲಿನ ಗೋಡೆಗಳ ನಡುವೆ ಮರದ ಬಾಗಿಲು. ಉಬ್ಬರದಲ್ಲಿ ಹೊರಗಿನ ನೀರು ಒತ್ತಿದಾಗ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಇಳಿತದಲ್ಲಿ ಒಳಗಿನ ನೀರಿನ ಒತ್ತಡ ಹೆಚ್ಚಾಗಿ ತಾನೇ ತೆರೆಯುತ್ತದೆ, ಗದ್ದೆಯ ನೀರು ಹೊರಗೆ ಹರಿಯುತ್ತದೆ. ಮೋಟಾರೂ ಇಲ್ಲ, ಕಾವಲೂ ಬೇಕಿಲ್ಲ. ಆ ಹರಿವಿಗೆ ಬಲೆ ಕಟ್ಟಿ ಮೀನು, ಸಿಗಡಿ ಹಿಡಿಯುತ್ತಾರೆ.

ಈ ಏರಿಗಳ ಮೇಲಿನ ಸವಾರಿಯೇ ದಿವಾರ್‌ನ ಸುಖ. ಕೆಲವು ಕಡೆ ಅಗಲ ಒಂದು ಮಾರೂ ಇಲ್ಲ. ಸೀಟನ್ನು ಎರಡು–ಮೂರು ಸೆಂ.ಮೀ. ಇಳಿಸಿ, ಕಣ್ಣು ಹತ್ತು ಮೀಟರ್ ಮುಂದೆ ಇಟ್ಟು, ಸಣ್ಣ ಗೇರಿನಲ್ಲಿ ಒಂದೇ ಲಯದಲ್ಲಿ ತುಳಿಯಬೇಕು. ಕಾಲೂರುವುದಿದ್ದರೆ ಗದ್ದೆಯ ಕಡೆ ಊರಿ. ನದಿಯ ಕಡೆ ಕಾಂಡ್ಲಾ ಬೇರು, ಕೆಳಗೆ ಮೊಣಕಾಲುದ್ದ ಕೆಸರು. ಹುಲ್ಲಿನಡಿ ಏಡಿಯ ಬಿಲಗಳಿರುತ್ತವೆ, ಮುಂದಿನ ಚಕ್ರ ಒಮ್ಮೆಲೇ ಹೂತರೆ ಹ್ಯಾಂಡಲ್ ಮೇಲಿಂದ ಹಾರಿ ಬೀಳುವುದೇ. ಗುಂಪಿನಲ್ಲಿ ಬಂದವರು ಇಬ್ಬರ ನಡುವೆ ಮೂರು ಸೈಕಲ್ಲಿನಷ್ಟು ಅಂತರ ಬಿಡಿ.

ಒಂದು ಮಾತು ಖಂಡಿತವಾಗಿ ಹೇಳಬೇಕು. ಏರಿ ಒದ್ದೆ ಇದ್ದ ದಿನ ಅದರ ಮೇಲೆ ಸೈಕಲ್ ಹತ್ತಿಸಬೇಡಿ. ಟೈರಿನ ಗೀರಿನಲ್ಲಿ ನೀರು ನಿಂತು ಮಣ್ಣು ಸಡಿಲವಾಗುತ್ತದೆ, ಮುಂದಿನ ದೊಡ್ಡ ಉಬ್ಬರಕ್ಕೆ ಅದೇ ಜಾಗ ಒಡೆಯಬಹುದು. ಉಪ್ಪು ನುಗ್ಗಿದ ಗದ್ದೆ ಮತ್ತೆ ಬೆಳೆ ಕೊಡಲು ಮಳೆಗಾಲಗಳು ಬೇಕು. ಇದು ರೈತರ ಅನ್ನ, ಸವಾರರ ಟ್ರ್ಯಾಕ್ ಅಲ್ಲ. ಗದ್ದೆಯಲ್ಲಿ ಯಾರಾದರೂ ಇದ್ದರೆ ಇಳಿದು ಕೇಳಿ ಮುಂದೆ ಹೋಗಿ. ಮಾಲಾರ್, ಪಿಯೆದಾದ್ ಊರುಗಳ ಒಳರಸ್ತೆಗಳೂ ಚೆಂದವೇ, ಸುತ್ತಿ ಹೋದರೂ ನಷ್ಟವಿಲ್ಲ.

ಪಿಯೆದಾದ್ ಇಗರ್ಜಿಯ ಗುಡ್ಡಕ್ಕೆ ಏರು ಚಿಕ್ಕದು, ಕಡಿದು. ಮೇಲಿಂದ ಮಾಂಡವಿಯ ಆಚೆ ಹಳೆ ಗೋವಾದ ಗೋಪುರಗಳು ಸಾಲಾಗಿ ಕಾಣುತ್ತವೆ. ಇಳಿಯುವಾಗ ಎಲೆ ಮುಚ್ಚಿದ ಚಿರೇಕಲ್ಲಿನ ತಿರುವುಗಳಲ್ಲಿ ಬ್ರೇಕ್ ತಿರುವಿಗೆ ಮುಂಚೆಯೇ ಹಿಡಿದು ಬಿಡಬೇಕು. ತಿರುವಿನ ನಡುವೆ ಮುಂದಿನ ಬ್ರೇಕ್ ಮುಟ್ಟಿದರೆ ಚಕ್ರ ಕೈಬಿಡುತ್ತದೆ.

ದ್ವೀಪದ ಈಶಾನ್ಯ ತುದಿಯ ನಾರ್ವೆ ಫೆರಿ ಹಳೆ ಗೋವಾದ ಫೆರಿಯಷ್ಟು ಪದೇಪದೇ ಇಲ್ಲ, ಕಾಯಲು ಅರ್ಧ ಗಂಟೆ ಕೈಯಲ್ಲಿರಲಿ. ಕನ್ನಡಿಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಗೋವೆಯ ಕದಂಬರ ಕುಲದೈವ ಸಪ್ತಕೋಟೀಶ್ವರನ ಮೂಲ ಗುಡಿ ಇದ್ದದ್ದು ದಿವಾರ್‌ನಲ್ಲೇ. ಕದಂಬರ ಚಿನ್ನದ ನಾಣ್ಯಗಳ ಮೇಲೆ ‘ಸಪ್ತಕೋಟೀಶ್ವರ ಲಬ್ಧ ವರಪ್ರಸಾದ’ ಎಂದು ಬರೆಸಿದ್ದರು. ಪೋರ್ಚುಗೀಸರ ಕಾಲದಲ್ಲಿ ಗುಡಿ ಹಾಳಾಗಿ, ಲಿಂಗ ನದಿ ದಾಟಿ ಡಿಚೋಲಿ (ಬಿಚೋಲಿಂ) ಕಡೆಯ ನಾರ್ವೆಗೆ ಬಂತು. ಅಲ್ಲಿನ ಗುಡಿಯನ್ನು ಶಿವಾಜಿ 1668ರಲ್ಲಿ ಜೀರ್ಣೋದ್ಧಾರ ಮಾಡಿಸಿದರು. ಗೋವಾದ ಸರ್ಕಾರಿ ಬಸ್ಸಿನ ಮೇಲಿನ ‘ಕದಂಬ’ ಅದೇ ವಂಶದ ಹೆಸರು.

ನಾರ್ವೆಯಿಂದ ಮಯೆಂ ಕಡೆಗೆ ಕಾಡು, ಅಡಿಕೆ ತೋಟ, ಗೇರುಗುಡ್ಡ. ಡಿಚೋಲಿ ಕಬ್ಬಿಣದ ಅದಿರಿನ ನಾಡು. ಅದಿರಿನ ಲಾರಿ ಓಡುವ ರಸ್ತೆಯಲ್ಲಿ ಅಂಚಿಗೆ ಪುಡಿ ಹರಡಿರುತ್ತದೆ, ಅದರ ಮೇಲೆ ವಾಲಬೇಡಿ. ಊಟ ಮಧ್ಯಾಹ್ನ ಒಂದರೊಳಗೆ ಮುಗಿಸಿ. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕಿ ನಾಲ್ಕಕ್ಕೆ ತೆರೆಯುತ್ತವೆ.

ಚೊರಾಂವ್ ಫೆರಿಯ ಹತ್ತಿರ ಸಲೀಂ ಅಲಿ ಪಕ್ಷಿಧಾಮ, ವಿಸ್ತಾರ 178 ಹೆಕ್ಟೇರ್. ಒಳಗಿನ ಹಾದಿ ನಡೆಯುವವರದು. ಇಳಿತದ ಕೆಸರಿನಲ್ಲಿ ಒಂದೇ ಚಿಮಟವನ್ನು ಬೀಸುವ ಪಿಟೀಲು ಏಡಿಗಳು, ರೆಕ್ಕೆಯನ್ನೇ ಕಾಲು ಮಾಡಿಕೊಂಡು ತೆವಳುವ ಕೆಸರುಮೀನು, ಮೇಲೆ ಮಿಂಚುಳ್ಳಿ. ಕೆಸರಾದ ಸೈಕಲ್ಲನ್ನು ಕಾಲುವೆಗೆ ಇಳಿಸಿ ತೊಳೆಯುವ ಕೆಲಸ ಎಲ್ಲೂ ಬೇಡ. ಆ ನೀರೇ ಉಪ್ಪು, ಜೊತೆಗೆ ಇದೇ ಮಾಂಡವಿಗೆ ಸೇರುವ ಕುಂಭಾರ್ಜುವೆ ಕಾಲುವೆಯಲ್ಲಿ ಮೊಸಳೆಗಳಿವೆ.

ರಾಯಬಂದರ್‌ಗೆ ದಾಟಿದ ಮೇಲೆ ಪಣಜಿಗೆ ಹಳೆಯ ಕಟ್ಟೆರಸ್ತೆ ಸಮತಟ್ಟು. ರೂಮಿಗೆ ಹೋದ ಕೂಡಲೇ, ಸ್ನಾನಕ್ಕೂ ಮುಂಚೆ, ಒಂದು ಬಕೆಟ್ ಸಿಹಿನೀರಿನಲ್ಲಿ ಬಟ್ಟೆ ಅದ್ದಿ ಸೈಕಲ್ ಒರೆಸಿ. ವಾಷಿಂಗ್ ಪೈಪಿನ ಜೋರು ನೀರನ್ನು ಚಕ್ರದ ಹಬ್, ಪೆಡಲ್ ತಿರುಗುವ ಬಾಟಮ್ ಬ್ರಾಕೆಟ್‌ಗೆ ಬಿಟ್ಟರೆ ಗ್ರೀಸ್ ತೊಳೆದು ಉಪ್ಪು ಬೇರಿಂಗ್ ಒಳಗೆ ಸೇರುತ್ತದೆ. ಚೈನ್ ಒಣಗಿಸಿ, ಕೊಂಡಿಗೊಂದು ಹನಿಯಂತೆ ವೆಟ್ ಲ್ಯೂಬ್ (ಒದ್ದೆಗೆ ತಡೆಯುವ ಚೈನ್ ಎಣ್ಣೆ) ಹಾಕಿ, ಐದು ನಿಮಿಷ ಬಿಟ್ಟು ಹೊರಗಿನದನ್ನು ಒರೆಸಿ ತೆಗೆಯಿರಿ. ರಾತ್ರಿ ಹಾಗೇ ಬಿಟ್ಟ ಚೈನ್ ಬೆಳಗಾಗುವಷ್ಟರಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ.