ಹೊಸ ಫೋನು ಯಾರ ಬೆರಳಿನಿಂದ ಶುರುವಾಗಬೇಕು

ಸಾಗರದ ಬಸ್ ನಿಲ್ದಾಣಕ್ಕೆ ಹತ್ತಿರವಿರುವ ಮೊಬೈಲ್ ಅಂಗಡಿಯೊಂದರಲ್ಲಿ ನಾನು 2013ರಿಂದ ಕೆಲಸ ಮಾಡುತ್ತಿದ್ದೇನೆ. ಫೋನು ಮಾರುವುದು ಈ ಕೆಲಸದಲ್ಲಿ ಸಣ್ಣ ಪಾಲು. ಮಾರಿದ ಫೋನನ್ನು ಗಿರಾಕಿಯ ಕೈಗೆ ಹೊಂದಿಸಿಕೊಡುವುದೇ ದೊಡ್ಡ ಪಾಲು. ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ಸುತ್ತಲಿನ ಹಳ್ಳಿಗಳ ಅಡಿಕೆ ಬೆಳೆಗಾರರು, ತೋಟ ಗದ್ದೆಗಳಲ್ಲಿ ದುಡಿಯುವವರು, ಮತ್ತು ಮಕ್ಕಳು ಬೆಂಗಳೂರು ಸೇರಿದ ಮೇಲೆ ಮನೆಯಲ್ಲಿ ಇಬ್ಬರೇ ಉಳಿದಿರುವ ವಯಸ್ಸಾದ ದಂಪತಿಗಳು. ಅವರು ಕೊಳ್ಳುವುದು ಏಳೆಂಟರಿಂದ ಹನ್ನೊಂದು ಸಾವಿರ ರೂಪಾಯಿಯೊಳಗಿನ ಸಾದಾ ಸ್ಮಾರ್ಟ್‌ಫೋನು, ಮತ್ತು ಅನೇಕರಿಗೆ ಅದು ಕೀಪ್ಯಾಡ್ ಸೆಟ್ಟಿನ ನಂತರ ಕೈಗೆ ಬರುವ ಮೊದಲ ಟಚ್ ಫೋನು.

ಮೊದಲ ಕೆಲವು ವರ್ಷ ನಾನು ಈ ಹೊಂದಿಸುವ ಕೆಲಸವನ್ನು ಬಹಳ ಬೇಗ ಮುಗಿಸುತ್ತಿದ್ದೆ. ಡಬ್ಬ ಒಡೆದು, ಸಿಮ್ ಹಾಕಿ, ಭಾಷೆ ಆರಿಸಿ, ಗೂಗಲ್ ಖಾತೆ ತೆರೆದು, ವಾಟ್ಸಾಪ್ ಇಳಿಸಿ, ಹದಿನೈದು ನಿಮಿಷದೊಳಗೆ ಫೋನನ್ನು ಕೈಗಿಡುತ್ತಿದ್ದೆ. ಗಿರಾಕಿಗಳಿಗೂ ಬೇಕಾಗಿದ್ದುದು ಅದೇ. ಶರಾವತಿ ಹಿನ್ನೀರಿನ ಆಚೆಯ ತುಮರಿ, ಬ್ಯಾಕೋಡು ಕಡೆಯವರಿಗಂತೂ ಹೊಳೆಬಾಗಿಲಿನ ಲಾಂಚು ತಪ್ಪಿದರೆ ರಾತ್ರಿ ಈ ದಡದಲ್ಲೇ ಕಳೆಯಬೇಕಾಗುತ್ತಿದ್ದ ಕಾರಣ, ಮಧ್ಯಾಹ್ನ ಮೂರು ದಾಟಿತೆಂದರೆ ಅವರ ಕಣ್ಣು ಫೋನಿನ ಮೇಲಲ್ಲ, ಗೋಡೆಯ ಗಡಿಯಾರದ ಮೇಲಿರುತ್ತಿತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆದ ಮೇಲೆ ಆ ಧಾವಂತ ಇಲ್ಲವಾಗಿದೆ. ಆದರೆ ನನ್ನ ಕೆಲಸದ ರೀತಿ ಬದಲಾದದ್ದು ಅದಕ್ಕಿಂತ ಮುಂಚೆ, ನಾನೇ ಮಾಡಿದ ಒಂದು ತಪ್ಪಿನಿಂದ.

2018ರಲ್ಲಿ ಹಿನ್ನೀರಿನಾಚೆಯ ಹಳ್ಳಿಯಿಂದ ಬಂದ ಅಮ್ಮನೊಬ್ಬರಿಗೂ ಅವರ ಯಜಮಾನರಿಗೂ ಸೇರಿ ಒಂದು ಫೋನು ಕೊಟ್ಟಿದ್ದೆ. ಲಾಂಚಿಗೆ ಹೊತ್ತಾಗಿತ್ತು. ಖಾತೆ ತೆರೆಯುವ ಪರದೆ ಬಂದಾಗ ಅವರನ್ನು ಏನೂ ಕೇಳದೆ, ಹೆಸರಿನ ಮುಂದೆ ನಾಲ್ಕು ಅಂಕಿ ಸೇರಿಸಿ ಒಂದು ಜಿಮೇಲ್ ವಿಳಾಸ ಮಾಡಿದೆ. ಬಾಯಿಗೆ ಬಂದ ಪಾಸ್‌ವರ್ಡ್ ಹಾಕಿದೆ. ಹುಟ್ಟಿದ ದಿನಾಂಕವನ್ನು ಅಂದಾಜಿನಲ್ಲಿ ತುಂಬಿದೆ. ಖಾತೆ ಮರಳಿ ಪಡೆಯಲು ಮೊಬೈಲ್ ಸಂಖ್ಯೆ ಕೊಡಿ ಎಂದು ಕೇಳಿದ ಪುಟವನ್ನು ದಾಟಿಸಿಬಿಟ್ಟೆ. ಡೇಟಾ ಖರ್ಚಾಗುತ್ತದೆಂದು, ಚಿತ್ರಗಳ ಪ್ರತಿಯನ್ನು ಖಾತೆಯಲ್ಲಿ ಉಳಿಸಿಡುವ ಬ್ಯಾಕಪ್ ಕೂಡ ಆಫ್ ಮಾಡಿದೆ. ಆ ದಿನ ಅದನ್ನೆಲ್ಲ ಗಿರಾಕಿಗೆ ಮಾಡಿದ ಉಪಕಾರವೆಂದೇ ತಿಳಿದಿದ್ದೆ.

ಮೂರು ವರ್ಷದ ಮೇಲೆ ಆ ಅಮ್ಮ ಒಬ್ಬರೇ ಬಂದರು. ಯಜಮಾನರು ತೀರಿಕೊಂಡಿದ್ದರು. ರಜೆಗೆ ಬಂದ ಮೊಮ್ಮಗ ಸ್ಕ್ರೀನ್ ಲಾಕಿನ ಪ್ಯಾಟರ್ನ್ ಬದಲಿಸಿ, ಅದನ್ನು ಮರೆತು, ಕೊನೆಗೆ ಬದಿಯ ಗುಂಡಿಗಳನ್ನು ಒತ್ತಿ ಹಿಡಿದು ಫೋನನ್ನು ಪೂರ್ತಿ ರೀಸೆಟ್ ಮಾಡಿದ್ದ. ಫೋನು ಶುರುವಾಗಿ, ಹಿಂದೆ ಇದರಲ್ಲಿದ್ದ ಖಾತೆ ಯಾವುದು ಎಂದು ಕೇಳುವ ಪರದೆಯಲ್ಲಿ ನಿಂತಿತ್ತು. "ತಮಾ, ಇದು ಎಂತದೋ ಹೆಸರು ಕೇಳ್ತದೆ. ನಮ್ಮ ಹೆಸರು ಹಾಕಿದ್ರೂ ಒಪ್ಪೋದಿಲ್ಲ" ಎಂದರು. ಆ ಖಾತೆಯ ಹೆಸರು ಗೊತ್ತಿರಬೇಕಾಗಿದ್ದವನು ನಾನೊಬ್ಬನೇ, ಮತ್ತು ನನಗೆ ಅದು ನೆನಪಿರಲಿಲ್ಲ.

ಆಂಡ್ರಾಯ್ಡ್ 5.1ರೊಂದಿಗೆ, ಅಂದರೆ 2015ರಲ್ಲಿ ಬಂದ ರಕ್ಷಣೆಯಿದು. ಸೆಟ್ಟಿಂಗ್ಸ್ ಒಳಗೆ ಹೋಗಿ ಪಿನ್ ಕೊಟ್ಟು ರೀಸೆಟ್ ಮಾಡಿದರೆ ಫೋನು ಏನೂ ಕೇಳುವುದಿಲ್ಲ. ಹೊರಗಿನಿಂದ ಗುಂಡಿ ಒತ್ತಿ ಅಳಿಸಿದರೆ, ಕದ್ದವನಿರಬಹುದೆಂದು ಬಗೆದು, ಹಳೆಯ ಖಾತೆಯನ್ನೋ ಹಳೆಯ ಲಾಕನ್ನೋ ಕೊಡುವ ತನಕ ಒಳಗೆ ಬಿಡುವುದಿಲ್ಲ. ಒಳ್ಳೆಯ ರಕ್ಷಣೆಯೇ. ಆದರೆ ಮನೆಯೊಡತಿಗೆ ತಿಳಿಯದ ಬೀಗವನ್ನು ಅವರ ಮನೆಗೆ ಹಾಕಿ, ಕೀಲಿಯನ್ನು ನಾನು ಕಳೆದುಹಾಕಿದ್ದೆ. ಬಿಲ್ಲು, ಡಬ್ಬ ತೋರಿಸಿ ಸರ್ವಿಸ್ ಸೆಂಟರಿನಲ್ಲಿ ಬೀಗವನ್ನೇನೋ ತೆಗೆಸಿದೆವು. ಒಳಗಿದ್ದ ಚಿತ್ರಗಳು ರೀಸೆಟ್ ಆದಾಗಲೇ ಹೋಗಿದ್ದವು. ಯಜಮಾನರು ಕೊನೆಯ ವರ್ಷ ಚಪ್ಪರದಡಿ ಕೂತು ಅಡಿಕೆ ಆರಿಸುತ್ತಿದ್ದ ವೀಡಿಯೊ ಒಂದಿತ್ತು ಎಂದು ಅವರು ಎರಡು ಸಲ ಹೇಳಿದರು. ಬೈಯಲಿಲ್ಲ. ಬ್ಯಾಕಪ್ ಗುಂಡಿಯನ್ನು ಆಫ್ ಮಾಡಿದ ನನ್ನ ಹೆಬ್ಬೆರಳನ್ನು ನೋಡಿಕೊಳ್ಳುತ್ತ ನಾನು ನಿಂತಿದ್ದೆ.

ಅಂದಿನಿಂದ ನಾನು ಪಾಲಿಸುತ್ತಿರುವ ನಿಯಮ ಒಂದೇ: ಫೋನು ಯಾರದೋ ಅವರ ಬೆರಳಿನಿಂದಲೇ ಅದು ಶುರುವಾಗಬೇಕು. ನಾನು ಹೇಳಬಹುದು, ತೋರಿಸಬಹುದು, ಆದರೆ ಒತ್ತಬಾರದು. ಇದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅಂಗಡಿಯ ಮಾಲೀಕರು ಆರಂಭದಲ್ಲಿ ಒಪ್ಪಲಿಲ್ಲ, ಕೌಂಟರಿನಲ್ಲಿ ಜನ ನಿಂತಿರುವಾಗ ಒಬ್ಬರಿಗೇ ಅಷ್ಟು ಹೊತ್ತು ಕೊಡುವುದು ಹೇಗೆಂದು ಕೇಳಿದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಒಳಗಿನ ಬೆಂಚಿನಲ್ಲಿ ಕೂರಿಸಿ, ನಡುನಡುವೆ ಹೋಗಿ ನೋಡಿ ಬರುವ ಕ್ರಮ ಮಾಡಿಕೊಂಡ ಮೇಲೆ ಅದು ಸರಿಹೋಯಿತು.

ಭಾಷೆ ಆರಿಸಿದ ಕೂಡಲೇ ನಾನು ಮಾಡಿಸುವುದು ಅಕ್ಷರವನ್ನು ದೊಡ್ಡದು ಮಾಡುವ ಕೆಲಸ. ಇಂಗ್ಲಿಷಿಗೆ ಸಾಕಾಗುವ ಗಾತ್ರ ಕನ್ನಡಕ್ಕೆ ಸಾಕಾಗುವುದಿಲ್ಲ, ಏಕೆಂದರೆ ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕದಾಗಿ ಕೂರುತ್ತವೆ ಮತ್ತು ಅರವತ್ತು ದಾಟಿದ ಕಣ್ಣಿಗೆ ಮೊದಲು ಮಾಯವಾಗುವುದು ಅವೇ. "ಕನ್ನಡ ಬೇಡ, ಇಂಗ್ಲಿಷೇ ಇರಲಿ, ಕನ್ನಡದಲ್ಲಿ ಏನೂ ಕಾಣೋದಿಲ್ಲ" ಎನ್ನುತ್ತಿದ್ದ ಹಿರಿಯರಲ್ಲಿ ಹಲವರು ಅಕ್ಷರ ಹಿಗ್ಗಿಸಿದ ಮೇಲೆ ಕನ್ನಡವನ್ನೇ ಇಟ್ಟುಕೊಂಡಿದ್ದಾರೆ. ಆದರೂ ನಾನು ಒತ್ತಾಯಿಸುವುದಿಲ್ಲ. ಊರಿಂದ ದೂರವಿರುವ ಮಗಳು ಫೋನಿನಲ್ಲೇ "ಅಮ್ಮ, ಸೆಟ್ಟಿಂಗ್ಸ್‌ಗೆ ಹೋಗು, ಅಲ್ಲಿ ಡಿಸ್‌ಪ್ಲೇ ಒತ್ತು" ಎಂದು ದಾರಿ ಹೇಳುವ ಮನೆಗಳಲ್ಲಿ ಇಬ್ಬರ ಫೋನೂ ಒಂದೇ ಭಾಷೆಯಲ್ಲಿದ್ದರೆ ಅನುಕೂಲ.

ಖಾತೆಯ ವಿಷಯಕ್ಕೆ ಈಗ ಹೆಚ್ಚು ಹೊತ್ತು ಕೊಡುತ್ತೇನೆ. ಹಳೆಯ ಖಾತೆ ಇದೆಯೇ ಎಂದು ಮೊದಲು ಕೇಳಬೇಕು, ಏಕೆಂದರೆ ಪ್ರತಿ ಹೊಸ ಫೋನಿಗೂ ಹೊಸ ಖಾತೆ ಮಾಡಿಸಿಕೊಂಡು, ಹಳೆಯದರಲ್ಲಿದ್ದ ನಂಬರುಗಳನ್ನು ಕಳೆದುಕೊಂಡವರು ನಮ್ಮಲ್ಲಿ ಬಹಳ. ಹೊಸದಾದರೆ ನಿಜವಾದ ಹುಟ್ಟಿದ ದಿನಾಂಕ, ಮರಳಿ ಪಡೆಯಲು ಅವರದೇ ಸಂಖ್ಯೆ, ಜೊತೆಗೆ ಮಗಳದೋ ಮಗನದೋ ಇಮೇಲ್. ಪಾಸ್‌ವರ್ಡ್ ಕನಿಷ್ಠ ಎಂಟು ಅಕ್ಷರದ್ದು, ಅವರೇ ಯೋಚಿಸಿದ್ದು. ಅದನ್ನು ಅವರ ಕೈಬರಹದಲ್ಲೇ ಪುಸ್ತಕದಲ್ಲಿ ಬರೆಸುತ್ತೇನೆ. ಪಾಸ್‌ವರ್ಡ್ ಬರೆದಿಡಬಾರದೆಂಬ ಉಪದೇಶವನ್ನು ನಾನೂ ಕೇಳಿದ್ದೇನೆ. ಆದರೆ ಪಹಣಿ, ಪಾಸ್‌ಬುಕ್, ಮಕ್ಕಳ ಅಂಕಪಟ್ಟಿ ಇಡುವ ಟ್ರಂಕಿನಲ್ಲಿ ಆ ಪುಸ್ತಕವೂ ಇದ್ದರೆ, ನೆನಪಿನಲ್ಲಿ ಮಾತ್ರ ಇರುವುದಕ್ಕಿಂತ ಅದು ಭದ್ರ ಎಂಬುದು ನನ್ನ ಅನುಭವ. ಎರಡು ಸಂಗತಿ ಮಾತ್ರ ಖಂಡಿತ ಕೂಡದು: ಯುಪಿಐ ಪಿನ್ ಅಲ್ಲಿ ಬರೆಯಕೂಡದು, ಮತ್ತು ಯಾವ ಚೀಟಿಯನ್ನೂ ಫೋನಿನ ಹಿಂಬದಿ ಕವರಿನೊಳಗೆ ಇಡಕೂಡದು. ಫೋನು ಬಿದ್ದುಹೋದ ದಿನ ಚೀಟಿಯೂ ಅದರ ಜೊತೆಗೇ ಹೋಗುತ್ತದೆ.

ಅದೇ ಪುಟದಲ್ಲಿ *#06# ಒತ್ತಿದಾಗ ಬರುವ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆಯನ್ನೂ ಬರೆಸುತ್ತೇನೆ. ಫೋನು ಕಳೆದರೆ ಪೊಲೀಸ್ ದೂರಿನ ಪ್ರತಿಯೊಂದಿಗೆ ಅದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಕೊಟ್ಟು ಫೋನನ್ನು ಬ್ಲಾಕ್ ಮಾಡಿಸಬಹುದು. 2023ರಿಂದ ಈ ವ್ಯವಸ್ಥೆ ದೇಶದಾದ್ಯಂತ ಇದೆ, ಆದರೆ ಸಂಖ್ಯೆ ಅಚ್ಚಾಗಿದ್ದ ಡಬ್ಬವನ್ನು ಎಸೆದವರ ಬಳಿ ಕೊಡಲು ಸಂಖ್ಯೆಯೇ ಇರುವುದಿಲ್ಲ.

ಲಾಕ್ ಹಾಕುವಲ್ಲಿ ಬೆರಳಚ್ಚನ್ನೇ ನಂಬಬಾರದೆಂಬುದನ್ನು ಅಡಿಕೆ ಸುಲಿಯುವ ಹೆಂಗಸರಿಂದ ಕಲಿತೆ. ಕೊಯ್ಲಿನ ತಿಂಗಳುಗಳಲ್ಲಿ ಅವರ ಹೆಬ್ಬೆರಳು, ತೋರುಬೆರಳುಗಳ ತುದಿ ಚೊಗರಿನಿಂದ ಕಪ್ಪಾಗಿ, ಗೆರೆಗಳು ಸವೆದು, ಚರ್ಮ ಬಿರಿದಿರುತ್ತದೆ. ರೇಷನ್ ಅಂಗಡಿಯ ಯಂತ್ರ ಒಪ್ಪದ ಆ ಬೆರಳನ್ನು ಫೋನೂ ಒಪ್ಪುವುದಿಲ್ಲ. ತೀರ ಒಣಗಿ ಗಟ್ಟಿಯಾದ ಬೆರಳನ್ನು ಕೆಲವೊಮ್ಮೆ ಟಚ್ ಪರದೆಯೂ ಗುರುತಿಸುವುದಿಲ್ಲ, ಏಕೆಂದರೆ ಪರದೆ ತಿಳಿಯುವುದು ಒತ್ತಡವನ್ನಲ್ಲ, ಚರ್ಮದ ಮೂಲಕ ಹರಿಯುವ ಅತಿ ಸಣ್ಣ ವಿದ್ಯುತ್ತನ್ನು. ಇದು ಗೊತ್ತಿಲ್ಲದೆ ಅವರು ಇನ್ನೂ ಜೋರಾಗಿ ಒತ್ತುತ್ತಾರೆ, ಆಮೇಲೆ ತಮ್ಮನ್ನೇ ದೂರಿಕೊಳ್ಳುತ್ತಾರೆ. ಒದ್ದೆ ಬಟ್ಟೆಗೆ ಬೆರಳನ್ನು ಸ್ವಲ್ಪ ತಾಗಿಸಿ ಮುಟ್ಟಲು ಹೇಳಿದರೆ ಕೆಲಸವಾಗುತ್ತದೆ. ಲಾಕಿಗೆ ಮಾತ್ರ ಅಂಕಿಯ ಪಿನ್ ಇರಬೇಕು.

ಕರೆ ಸ್ವೀಕರಿಸುವುದು ಸುಲಭವೆಂದು ನಾವೆಲ್ಲ ಭಾವಿಸುತ್ತೇವೆ. ಕೀಪ್ಯಾಡ್ ಸೆಟ್ಟಿನಲ್ಲಿ ಹಸಿರು ಗುಂಡಿ ಒತ್ತಿ ಅಭ್ಯಾಸವಾದವರು ಪರದೆಯ ಹಸಿರು ಗುರುತನ್ನೂ ಒತ್ತುತ್ತಾರೆ, ಅದು ಒಪ್ಪುವುದಿಲ್ಲ. ಸರಿಸಬೇಕು ಎಂದರೆ, ದೋಸೆ ಕಾವಲಿಯ ಕಾವು ನೋಡುವವರಂತೆ ಮುಟ್ಟಿದ ಕೂಡಲೇ ಬೆರಳು ಎತ್ತಿಬಿಡುತ್ತಾರೆ. "ಅಮ್ಮ, ರಂಗೋಲಿಯ ಎಳೆ ಎಳೆಯುವಾಗ ಕೈ ಎತ್ತುತ್ತೀರಾ? ಹಾಗೇ ಮೇಲಕ್ಕೆ ಎಳೆಯಿರಿ" ಎಂದು ಒಮ್ಮೆ ಹೇಳಿದೆ, ಅದು ಕೂಡಲೇ ಹತ್ತಿತು. ಈಗ ಪ್ರತಿಯೊಬ್ಬರನ್ನೂ ಅಂಗಡಿಯ ಹೊರಗೆ ನಿಲ್ಲಿಸಿ, ಒಳಗಿನಿಂದ ನಾಲ್ಕೈದು ಸಲ ಕರೆ ಮಾಡುತ್ತೇನೆ. ನನ್ನ ಮುಖ ಕಾಣದ ಜಾಗದಲ್ಲಿ ಅವರೇ ಎತ್ತಿ ಮಾತನಾಡಿದ ಮೇಲೆಯೇ ಮುಂದಿನ ಪಾಠ.

ಕೆಡದ ಫೋನನ್ನು ಕೆಟ್ಟಿತೆಂದು ತರುವುದು ಬಹಳ ಸಾಮಾನ್ಯ. ಮೇಲಿನಿಂದ ಎಳೆದಾಗ ಬರುವ ಪಟ್ಟಿಯಲ್ಲಿ ವಿಮಾನದ ಗುರುತಿಗೆ ಬೆರಳು ತಾಗಿ ನೆಟ್‌ವರ್ಕ್ ನಿಂತಿರುತ್ತದೆ, ಬ್ರೈಟ್‌ನೆಸ್ ತೀರ ಕೆಳಗಿಳಿದು ಬಿಸಿಲಿನಲ್ಲಿ ಪರದೆ ಕಪ್ಪಾಗಿ ಕಾಣುತ್ತದೆ. ಒಬ್ಬ ರೈತರ ಫೋನು ಮುಟ್ಟಿದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿತ್ತು, ಆದರೆ ಏನನ್ನೂ ತೆರೆಯುತ್ತಿರಲಿಲ್ಲ; ನಾಲ್ಕು ದಿನದಿಂದ ಅವರು ಯಾರಿಗೂ ಕರೆ ಮಾಡಿರಲಿಲ್ಲ. ಅಂಗಿ ಜೇಬಿನಲ್ಲಿ ವಾಲ್ಯೂಮಿನ ಎರಡೂ ಗುಂಡಿ ಒಟ್ಟಿಗೆ ಕೆಲವು ಕ್ಷಣ ಒತ್ತಿಕೊಂಡಿದ್ದರಿಂದ, ಕಣ್ಣು ಕಾಣದವರಿಗಾಗಿ ಇರುವ ಟಾಕ್‌ಬ್ಯಾಕ್ ಆನ್ ಆಗಿತ್ತು. ಆ ಸ್ಥಿತಿಯಲ್ಲಿ ಒಮ್ಮೆ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಅದೇ ಎರಡು ಗುಂಡಿಗಳನ್ನು ಮತ್ತೆ ಒತ್ತಿ ಹಿಡಿದಾಗ ಸರಿಯಾಯಿತು. ಇಂಥ ನಾಲ್ಕೈದು ಅವಾಂತರಗಳನ್ನು ಈಗ ನಾನು ಮೊದಲೇ ಬೇಕೆಂದು ಮಾಡಿ, ಅವರಿಂದಲೇ ಬಿಡಿಸುತ್ತೇನೆ. ಹೆದರಿಕೆ ಹೋಗುವುದು ಹಾಗೆಯೇ.

ಯುಪಿಐ ಬೇಕೆಂದವರಿಗೆ ಬ್ಯಾಂಕಿನಲ್ಲಿರುವ ಸಂಖ್ಯೆಯ ಸಿಮ್ಮೇ ಈ ಫೋನಿನಲ್ಲಿರಬೇಕು, ಅದರಿಂದ ಒಂದು ಎಸ್‌ಎಂಎಸ್ ಹೋಗುವಷ್ಟು ರೀಚಾರ್ಜ್ ಇರಬೇಕು. ಗೃಹಲಕ್ಷ್ಮಿ ಹಣ ಬಂತೋ ಇಲ್ಲವೋ ತಿಳಿಯದೆ ಬ್ಯಾಂಕಿಗೆ ಅಲೆಯುವ ಹೆಂಗಸರಲ್ಲಿ ಎಷ್ಟೋ ಜನರ ಖಾತೆಗೆ ಮಗನ ನಂಬರು ಜೋಡಣೆಯಾಗಿರುತ್ತದೆ. ಅದನ್ನು ಬ್ಯಾಂಕಿನಲ್ಲಿ ಬದಲಿಸಿಕೊಂಡು ಬನ್ನಿ ಎಂದು ಕಳಿಸುತ್ತೇನೆ. ಪಿನ್ ಹಾಕುವಾಗ ಎದ್ದು ಹೊರಗೆ ಹೋಗುತ್ತೇನೆ. ಹಣ ಪಡೆಯಲು ಪಿನ್ ಎಂದಿಗೂ ಬೇಕಿಲ್ಲ, ಕೇಳಿದವನು ಮೋಸಗಾರ, ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಎಂಬ ಮೂರು ಮಾತನ್ನು ಅವರ ಬಾಯಿಂದಲೇ ಹೇಳಿಸುತ್ತೇನೆ.

ತಗ್ಗಿನ ತೋಟದ ಮನೆಗಳಿಗೆ ಸಿಗ್ನಲ್ ಇರುವುದಿಲ್ಲ, ಆದರೆ ಫೈಬರ್ ಸಂಪರ್ಕ ಬಂದಿರುತ್ತದೆ. ಫೋನೂ ಸಿಮ್ಮಿನ ಕಂಪನಿಯೂ ಒಪ್ಪುವಂತಿದ್ದರೆ, ಟವರ್ ಸಿಗ್ನಲ್ ಬದಲು ಮನೆಯ ವೈಫೈ ಮೂಲಕ ಕರೆ ನಡೆಸುವ ವೈಫೈ ಕಾಲಿಂಗ್ ಆನ್ ಮಾಡಿಸುತ್ತೇನೆ. ಕರೆ ಬಂದಾಗ ಗುಡ್ಡ ಹತ್ತುತ್ತಿದ್ದವರು ಜಗಲಿಯಲ್ಲೇ ಕೂತು ಮಾತನಾಡುತ್ತಾರೆ. ವಾಟ್ಸಾಪಿನಲ್ಲಿ ಚಿತ್ರ, ವೀಡಿಯೊ ತಾನಾಗಿ ಇಳಿಯುವುದನ್ನು ನಿಲ್ಲಿಸಿ, ತಾವೇ ತೆಗೆದ ಚಿತ್ರಗಳಿಗೆ ಬ್ಯಾಕಪ್ ಹಾಕಿಸುತ್ತೇನೆ. ಗೂಗಲ್ ಕೊಡುವ 15 ಜಿಬಿ ಜಾಗ ಒಂದು ಮನೆಯ ನೆನಪುಗಳಿಗೆ ಬಹಳ ಕಾಲ ಸಾಕು.

ಎಂಟು ದಿನ ಬಿಟ್ಟು ಮತ್ತೆ ಬನ್ನಿ ಎಂದು ಎಲ್ಲರಿಗೂ ಹೇಳುತ್ತೇನೆ. ಮೊದಲ ದಿನ ಅವರಿಗೆ ಏನು ಕೇಳಬೇಕೆಂಬುದೇ ತಿಳಿದಿರುವುದಿಲ್ಲ. ಎಂಟು ದಿನ ಬಳಸಿದ ಮೇಲೆ ಸರಿಯಾದ ಪ್ರಶ್ನೆಗಳು ಬರುತ್ತವೆ. ಆ ಅಮ್ಮನೂ ಹಾಗೆ ಬಂದವರೇ. ಅವರ ಅದೇ ಫೋನಿಗೆ ಅವರೇ ಖಾತೆ ತೆರೆದು, ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡರು. ಎರಡನೆಯ ಸಲ ಬಂದಾಗ, ನೆಂಟರ ವಾಟ್ಸಾಪಿನಲ್ಲಿ ಉಳಿದಿದ್ದ ಯಜಮಾನರ ಏಳು ಚಿತ್ರಗಳನ್ನು ಕೇಳಿ ತರಿಸಿಕೊಂಡಿದ್ದರು. ಅವು ಬ್ಯಾಕಪ್ ಆಗಿವೆಯೇ ಎಂದು ನನ್ನೆದುರು ತೆರೆದು ನೋಡಿದರು. ಆ ವೀಡಿಯೊ ಸಿಗಲಿಲ್ಲ.

ನನಗೆ ಇನ್ನೂ ಪೂರ್ತಿ ಬಗೆಹರಿಯದಿರುವುದು ಓದುಬರಹ ಬಾರದವರ ವಿಷಯ. ಕರೆಗಳಿಗೆ ಹೆಸರಿನ ಬದಲು ಮುಖದ ಚಿತ್ರ ಹಾಕಿ ಕೊಡುತ್ತೇನೆ, ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ ಹುಡುಕುವುದನ್ನು ಕಲಿಸುತ್ತೇನೆ. ಪಿನ್ನನ್ನು ಅಂಕಿಯಾಗಿ ಅಲ್ಲ, ಬೆರಳು ಹೋಗುವ ದಾರಿಯಾಗಿ ಅವರು ಚೆನ್ನಾಗಿಯೇ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಖಾತೆಯ ಪಾಸ್‌ವರ್ಡನ್ನು ಬೇರೆ ಯಾರಾದರೂ ಬರೆಯಲೇಬೇಕು. ಅಂಥವರಿಗೆ ಮನೆಯವರನ್ನು ಕರೆದುಕೊಂಡು ಬನ್ನಿ ಎನ್ನುತ್ತೇನೆ. ಬರೆದವರು ಯಾರು, ಯಾವ ದಿನ ಎಂಬುದನ್ನು ಪುಟದ ಮೇಲೆ ಬರೆಸಿ, ಪುಸ್ತಕವನ್ನು ಫೋನಿನ ಒಡತಿಯ ಕೈಗೇ ಕೊಡುತ್ತೇನೆ.